ಕೊಟ್ಟರೂ ಹನ್ನೆರಡೇ

ಲಿಫ್ಟ್ ಮೆಕ್ಯಾನಿಕ್‌ಗೆ ಹದಿನೆಂಟು ಮಹಡಿಯ ಕಟ್ಟಡದ ನೆತ್ತಿಯಲ್ಲಿ ನಿಂತರೂ ತಲೆ ತಿರುಗುತ್ತಿರಲಿಲ್ಲ. ಮಗಳಿಗೆ ಭಾಗಾಕಾರ ಹೇಳಿಕೊಡಲು ಕೂತರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತಿತ್ತು.

ಮಗಳಿಗೆ ಒಂಬತ್ತು ವರ್ಷ, ಮನೆಯಲ್ಲಿ ಕರೆಯುವ ಹೆಸರು ಚೂಟಿ. ಸೊಂಟದ ಮೂಳೆಗೆ ಆಪರೇಷನ್ ಆಗಿ ಒಂದು ವರ್ಷದಿಂದ ಶಾಲೆಯಿಲ್ಲ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಗಲು ಪಕ್ಕದ ಮನೆಯ ಅಜ್ಜಿ ಬಂದು ಕಾವಲು ಕೂರುತ್ತಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಅಪ್ಪ ಊಟಕ್ಕೆ ಬಂದರೆ ಒಂದು ಗಂಟೆ ಪಾಠ. ಪುಸ್ತಕ ತೆರೆದರೆ ಸಾಕು, ಚೂಟಿ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಲೆಕ್ಕವೆಂದರೆ ಕಬ್ಬಿಣದ ಕಡಲೆ.

ಅವರಿಬ್ಬರನ್ನೂ ಪಾರು ಮಾಡಿದ್ದು ಚೂಯಿಂಗ್ ಗಮ್ ಪೊಟ್ಟಣದಲ್ಲಿ ಬರುವ ಕ್ರಿಕೆಟ್ ಕಾರ್ಡುಗಳು. ಮುಂದೆ ಆಟಗಾರನ ಫೋಟೊ, ಹಿಂದೆ ಅವನ ಊರು, ಎತ್ತರ, ಆಡಿದ ಪಂದ್ಯ, ಹೊಡೆದ ರನ್. ‘ಇವನು ಒಂದು ಪಂದ್ಯಕ್ಕೆ ಸರಾಸರಿ ಎಷ್ಟು ಹೊಡೆದ?’ ಎಂದು ಅಪ್ಪ ಕೇಳಿದ್ದೇ ತಡ, ಗೋಡೆಗೆ ತಿರುಗಿದ್ದ ಮುಖ ಇತ್ತ ಹೊರಳಿತು. ಆರು ತಿಂಗಳಲ್ಲಿ ದಶಮಾಂಶವೂ ನೀರು ಕುಡಿದಷ್ಟು ಸುಲಭವಾಯಿತು. ಆಟಗಾರರ ಊರುಗಳನ್ನು ನಕ್ಷೆಯಲ್ಲಿ ಹುಡುಕುತ್ತ ಹುಡುಕುತ್ತ ಭೂಗೋಳವೂ ಬಂತು.

ಒಂದೇ ಕಾರ್ಡು ಎರಡೆರಡು ಸಲ ಬಂದರೆ ಅದಕ್ಕೆ ‘ಜೋಡಿ’ ಎಂದು ಹೆಸರು. ಜೋಡಿಯನ್ನು ಇನ್ನೊಬ್ಬರಿಗೆ ಕೊಡಬೇಕು.

“ಕೊಡೋದು ಅಂದ್ರೆ ಸುಮ್ನೆ ಕೊಟ್ಬಿಡೋದಲ್ಲ ಕಣೇ. ಒಂದು ಕೊಟ್ರೆ ಒಂದು ಇಸ್ಕೋಬೇಕು. ಕಾರ್ಡಿನವರ ಮಾತಲ್ಲಿ ಕೊಡೋದು ಅಂದ್ರೆ ಅದೇ,” ಎಂದು ಅಪ್ಪ ಪಾಠ ಮಾಡಿದ್ದ.

ಆದರೆ ಯಾರಿಗೆ ಕೊಡುವುದು? ಮೊದಲ ತಿಂಗಳು ನೋಡಲು ಬಂದಿದ್ದ ಗೆಳತಿಯರು ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ಹಾಗಾಗಿ ಅಪ್ಪನೇ ತಲೆಗೆ ಟವೆಲ್ ಸುತ್ತಿ, ಕೀಚಲು ದನಿಯಲ್ಲಿ, “ಏನಮ್ಮಾ, ಆ ಸ್ಪಿನ್ನರ್ ಕೊಡ್ತೀಯಾ?” ಎಂದು ಬಾಗಿಲು ಬಡಿಯುತ್ತಿದ್ದ. ಭಾರಿ ಚೌಕಾಸಿ ನಡೆದು, ಕೊನೆಗೆ ಎಲ್ಲ ಕಾರ್ಡುಗಳೂ ಅದೇ ಡಬ್ಬಿಗೆ ಹೋಗುತ್ತಿದ್ದವು.

ನೋಡಿದವರು ‘ಪಾಪ, ಮಗು ಒಂಟಿ’ ಎನ್ನುತ್ತಿದ್ದರು. ಅಪ್ಪನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿ ಹೋದಮೇಲೆ ಅವನ ಪಾಲಿಗೆ ದಿನವೆಂದರೆ ಆ ಒಂದು ಗಂಟೆಯೇ. ಉಳಿದ ಹೊತ್ತೆಲ್ಲ ಲಿಫ್ಟಿನ ಕತ್ತಲೆ ಗುಂಡಿಯಲ್ಲಿ ಹಗ್ಗ, ಗ್ರೀಸು, ತನ್ನದೇ ಉಸಿರಿನ ಸದ್ದು. ಇನ್ನು ಶಾಲೆಗೆ ಕಳಿಸಬಹುದೆಂದು ಡಾಕ್ಟರು ಹೇಳಿದ ದಿನ ಅವನಿಗೆ ಮೊದಲು ನೆನಪಾದದ್ದು ಆ ಒಂದು ಗಂಟೆಯೇ. ಆದರೂ ಹಲ್ಲು ಬಿಟ್ಟುಕೊಂಡು ಥ್ಯಾಂಕ್ಸ್ ಹೇಳಿ ಬಂದ.

ಶನಿವಾರ ಶಾಲೆಯ ಟೀಚರ್ ಪರೀಕ್ಷೆ ಮಾಡಲು ಮನೆಗೇ ಬಂದರು. ಪಾಸಾದರೆ ಸೋಮವಾರದಿಂದ ಹಳೆಯ ಗೆಳತಿಯರ ತರಗತಿಗೇ ಹೋಗಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಮನೆಪಾಠ. ಚೂಟಿ ಗಳಗಳ ಓದಿದಳು, ತಪ್ಪಿಲ್ಲದೆ ಬರೆದಳು. ಮೇಜಿನ ಮೇಲಿದ್ದ ಕಾರ್ಡುಗಳನ್ನು ನೋಡಿ ಟೀಚರ್ ಅದರಲ್ಲೇ ಒಂದು ಲೆಕ್ಕ ಕೇಳಿದರು.

“ನಿನ್ನ ಹತ್ರ ಹನ್ನೆರಡು ಕಾರ್ಡಿವೆ. ಗೆಳತಿಗೆ ಐದು ಕೊಟ್ಟೆ. ಈಗ ನಿನ್ನ ಹತ್ರ ಎಷ್ಟಿವೆ?”

“ಹನ್ನೆರಡು.”

“ನಿಧಾನವಾಗಿ ಯೋಚ್ನೆ ಮಾಡು ಪುಟ್ಟಿ.”

“ಹನ್ನೆರಡೇ ಮಿಸ್.”

“ಸರಿ, ಇಪ್ಪತ್ತಿದ್ವು, ಎಂಟು ಕೊಟ್ಟೆ?”

“ಇಪ್ಪತ್ತು.”

ಟೀಚರ್ ಪೆನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದರು. “ಕಳೆಯೋ ಲೆಕ್ಕಾನೇ ಬರ್ತಿಲ್ವಲ್ಲ. ಇನ್ನೊಂದು ವರ್ಷ ಮನೇಲೇ ಕಲೀಲಿ ಬಿಡಿ. ಅವಸರ ಏನಿದೆ?”

ಅಪ್ಪನಿಗೆ ತಪ್ಪಿನ ಮೂಲ ಆ ಕ್ಷಣವೇ ಹೊಳೆಯಿತು. ಅವನು ಸುಳ್ಳು ಹೇಳಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇನ್ನೊಂದು ವರ್ಷದ ಮಧ್ಯಾಹ್ನಗಳು ತಾವಾಗಿ ಮಡಿಲಿಗೆ ಬೀಳುತ್ತಿದ್ದವು. ಅವನು ಬಾಯಿ ಮುಚ್ಚಿಕೊಂಡೇ ಕೂತ. ಟೀಚರ್ ಪುಸ್ತಕಗಳನ್ನು ಚೀಲಕ್ಕೆ ಹಾಕುವವರೆಗೂ ಕೂತ. ಇದಕ್ಕೆ ಪ್ರೀತಿಯೆಂದು ಹೆಸರಿಡಬಹುದಿತ್ತು; ಬರೀ ಸ್ವಾರ್ಥವೆಂದು ಅವನಿಗೇ ಗೊತ್ತಿತ್ತು. ಚೂಟಿ ಎಲ್ಲಿ ತಪ್ಪಿದೆನೆಂದು ತಿಳಿಯದೆ ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು. ಅದನ್ನು ನೋಡಿ ಅವನು ಬಾಯಿ ತೆರೆದ.

“ಅವಳಿಗೆ ಕಳೆಯೋದು ಬರುತ್ತೆ ಮೇಡಂ,” ಎಂದ. “ಐದು ಕೊಟ್ಟು ಐದು ಇಸ್ಕೊಂಡಿದಾಳೆ, ಅಷ್ಟೇ. ಕಾರ್ಡು ಕೊಡೋದು ಅಂದ್ರೆ ಬದಲಾಯಿಸ್ಕೊಳ್ಳೋದು ಅಂತ ನಾನೇ ಹೇಳ್ಕೊಟ್ಟಿದ್ದು.”

ಟೀಚರ್ ನಕ್ಕುಬಿಟ್ಟರು. “ಹೌದಾ! ಯಾರ ಜೊತೆ ಬದಲಾಯಿಸ್ಕೊಳ್ತೀಯೇ?”

“ಅಪ್ಪನ ಜೊತೆ,” ಎಂದಳು ಚೂಟಿ. “ಆದ್ರೆ ಅಪ್ಪನ ಕಾರ್ಡೂ ನಂದೇ.”

ಟೀಚರ್ ನಗು ಅಲ್ಲಿಗೇ ನಿಂತಿತು. “ಸೋಮವಾರ ಕಳಿಸಿ,” ಎಂದು ಎದ್ದರು.

ಅವರು ಹೋದ ಮೇಲೆ ಚೂಟಿ ಜೋಡಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು, ಯಾವುದು ಯಾರಿಗೆಂದು ವಿಂಗಡಿಸತೊಡಗಿದಳು. ನಡುವೆ ಒಮ್ಮೆ ತಲೆಯೆತ್ತಿ ಕೇಳಿದಳು: “ಅಪ್ಪಾ, ಮಧ್ಯಾಹ್ನ ನಿಂಗೆ ಬೇಜಾರಾಗಲ್ವಾ?”

“ನಂಗಾ? ಅಯ್ಯೋ, ಕೆಲಸ ತಲೆ ಮೇಲೆ ಕೂತಿದೆ ಮಾರಾಯ್ತಿ. ಮಧ್ಯಾಹ್ನ ಬಿಟ್ಟು ಬರೋದೇ ಕಷ್ಟ ಆಗ್ತಿತ್ತು. ನಿಂಗೋಸ್ಕರ ಬರ್ತಿದ್ದೆ.”

“ಸದ್ಯ!” ಎಂದು ಚೂಟಿ ಮತ್ತೆ ಕಾರ್ಡುಗಳತ್ತ ಬಗ್ಗಿದಳು.

ಅವಳು ಇಷ್ಟು ಬೇಗ ನಂಬಿಬಿಡುತ್ತಾಳೆಂದು ಅವನು ಎಣಿಸಿರಲಿಲ್ಲ.