ಶರಣವ್ವನ ಉಡಿ ಮತ್ತು ನನ್ನ ಕ್ವಾರ್ಟರ್ಸು

ವಿಮಾನಗಳು ಬತ್ತಲೆ ಹಾರುವುದಿಲ್ಲ ಎಂಬುದು ನಾನು ಹೇಳುವತನಕ ದಾದರಿನ ನಮ್ಮ ಚಾಳಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಡುಗರು ಹಾರಾಟ ಕಲಿಯುವ ಸಣ್ಣ ವಿಮಾನದ ರೆಕ್ಕೆ ಎಂದರೆ ಮರದ ಚೌಕಟ್ಟು, ಅದರ ಮೇಲೆ ಬಿಗಿದು ಹೊದಿಸಿದ ಬಟ್ಟೆ. ಬಟ್ಟೆ ಹರಿದರೆ ಹೊಲಿಯಲು ದರ್ಜಿ ಬೇಕು. ಇಡೀ ಮುಂಬಯಿಯನ್ನು ಜರಡಿ ಹಿಡಿದು ವಾಯುದಳದವರು ಆರಿಸಿಕೊಂಡ ದರ್ಜಿ ನಾನು, ವಿಜಾಪುರದ ಗದಿಗೆಪ್ಪ. ಪರೀಕ್ಷೆಗೆ ಹತ್ತು ಸಾವಿರ ಮಂದಿ ಬಂದಿದ್ದರು. ಹನ್ನೆರಡು ಮಂದಿ ಎಂದು ನನ್ನ ಹೆಂಡತಿ ಶರಣವ್ವ ಹೇಳುತ್ತಾಳೆ. ಅವಳೇನು ಅಲ್ಲಿಗೆ ಬಂದಿದ್ದಳೇ? ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿದ ಸಾಹೇಬರ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ನೋಡಿದ್ದೇನೆ.

ಕೆಲಸ ಹೈದರಾಬಾದಿನ ಆಚೆ ಒಂದು ತರಬೇತಿ ನೆಲೆಯಲ್ಲಿ. ಅಲ್ಲಿ ಒಂದೇ ಒಂದು ಕ್ವಾರ್ಟರ್ಸು ಖಾಲಿ ಇತ್ತು: ಎರಡು ಖೋಲಿ, ಒಂದು ಅಡುಗೆಮನೆ, ಹಿತ್ತಲಿನಲ್ಲಿ ಸ್ವಂತ ನಳ. ಶನಿವಾರದೊಳಗೆ ಹೆಂಡತಿ ಮಕ್ಕಳ ಸಮೇತ ಮೊದಲು ಬಂದು ಹಾಜರಾದವನಿಗೆ ಅದು. ಹಿಂದೆ ಬಿದ್ದವನು ಬ್ಯಾರಕ್ಕಿನಲ್ಲಿ ಗಂಡಸರ ನಡುವೆ ಮಲಗಬೇಕು, ಸಂಸಾರವನ್ನು ಊರಿಗೆ ಕಳಿಸಬೇಕು, ಮತ್ತೊಂದು ಮನೆ ಖಾಲಿಯಾಗುವವರೆಗೆ ದಾರಿ ಕಾಯಬೇಕು. ನನ್ನ ಜೊತೆಗೆ ಆಯ್ಕೆಯಾದ ಇನ್ನೊಬ್ಬನೂ ಇದ್ದ. ಗೋರೆಗಾಂವಿನ ಬಸವಂತಪ್ಪ, ಸಿನಿಮಾದವರಿಗೆ ಹಲಗೆಯ ಅರಮನೆ ಕಟ್ಟಿಕೊಡುತ್ತಿದ್ದ ಬಡಿಗ. ರೆಕ್ಕೆಯ ಮರದ ಕೆಲಸ ಅವನದು, ಬಟ್ಟೆಯ ಕೆಲಸ ನನ್ನದು. ಅವನಿಗೂ ಹೆಂಡತಿ ಮಕ್ಕಳಿದ್ದರು. ಅವನಿಗೂ ಅದೇ ಶುಕ್ರವಾರ ಮಧ್ಯಾಹ್ನದ ಗಾಡಿ.

ಶರಣವ್ವನಿಗೆ ವಿಮಾನದ ಮಾತು ಬೇಕಿರಲಿಲ್ಲ. ನಮ್ಮ ಮಜಲಿಗೆಲ್ಲ ಒಂದೇ ನಳ. ಅವಳು ಕೊಡ ಹಿಡಿದು ಸರದಿಯಲ್ಲಿ ನಿಂತ ಹೊತ್ತನ್ನೆಲ್ಲ ಕೂಡಿಸಿದರೆ ಅಷ್ಟರಲ್ಲಿ ಒಬ್ಬ ಮನುಷ್ಯ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು ಸಾಯಬಹುದು. "ನಳ ಖರೇನ ನಮ್ಮೊಬ್ಬರದಾ?" ಎಂದು ಒಂದೇ ಮಾತು ಕೇಳಿದಳು. ಹೌದೆಂದೆ. ಮರುದಿನವೇ ಗಂಟುಮೂಟೆ ಕಟ್ಟತೊಡಗಿದಳು.

ಶುಕ್ರವಾರ ಬೆಳಿಗ್ಗೆ ಎಲ್ಲವೂ ಸಿದ್ಧವಾಗಿತ್ತು. ಟ್ರಂಕು, ಹಾಸಿಗೆ, ಬುತ್ತಿ, ತಲೆ ಬಾಚಿಕೊಂಡ ಇಬ್ಬರು ಮಕ್ಕಳು. ನಾವು ಬಿಡುವ ಖೋಲಿಗೆ ಬಾಡಿಗೆಗೆ ಬರಲಿದ್ದ ಈರಣ್ಣನಂತೂ ಕೋಳಿ ಕೂಗುವ ಮೊದಲೇ ಬಂದು ಬಾಗಿಲಲ್ಲಿ ತನ್ನ ಹಾಸಿಗೆ ಸುರುಳಿಯ ಮೇಲೆ ಕೂತಿದ್ದ. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಪಕ್ಕದ ಖೋಲಿಯ ಕಾಶವ್ವ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಅಕ್ಕಿ, ಖಣ, ಉತ್ತತ್ತಿ, ಅರಿಷಿಣದ ಕೊಂಬು, ನಡುವೆ ಒಂದು ತೆಂಗಿನಕಾಯಿ.

"ತಂಗಿ ಶರಣವ್ವಾ, ಮಣಿ ಮ್ಯಾಲೆ ಕೂಡು. ಉಡಿ ತುಂಬತೀನಿ."

"ಕಾಶವ್ವಾ, ಗಾಡಿಗೆ ಹೊತ್ತಾಕ್ಕೈತಿ," ಎಂದೆ.

"ಗಾಡಿ ನಾಳೀಗೂ ಬರ್ತೈತಿ. ಬರೇ ಉಡೀಲೆ ಹೆಣ್ಮಗಳ್ನ ಹೊಸಾ ಮನಿಗೆ ಕಳಿಸಿದ್ರ ನಾವೇನ್ ಮನಶ್ಯಾರೇನು?"

ನಾನು ಸುಮ್ಮನಿರುವ ಪೈಕಿ ಅಲ್ಲ. ದನಿ ತಗ್ಗಿಸಿ ಹೇಳಿದೆ, "ಮಿಲಿಟ್ರಿಯೊಳಗ ತೆಂಗಿನಕಾಯಿ ಬಂದ್ ಐತಿ. ಬಾಂಬ್ ಅಂತ ತಿಳದು ಗೇಟಿನ್ಯಾಗ ಗುಂಡ ಹಾಕ್ತಾರ."

"ಜುಟ್ಟ ಇರೂ ಬಾಂಬ್ ಎಲ್ಲಿ ಕಂಡೀಯೋ ನೀನು?" ಎಂದು ಕಾಶವ್ವ ಕಾಯಿಯನ್ನು ಶರಣವ್ವನ ಸೆರಗಿಗೆ ಹಾಕಿದಳು.

ಒಂದು ಉಡಿಯಾಗಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಕಾಶವ್ವನ ಹಿಂದೆ ಅವಳ ಮಜಲು ಬಂತು, ಮೇಲಿನ ಮಜಲು ಬಂತು, ಕೆಳಗಿನ ಮಜಲು ಬಂತು. ವಿಜಾಪುರ, ಧಾರವಾಡ, ಬೆಳಗಾವಿ ಮೂರೂ ಜಿಲ್ಲೆಯ ಮುತ್ತೈದೆಯರು ನಮ್ಮ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಂತರು. ಹಿಂದಿನ ವಾರಗಳಲ್ಲಿ ನಾನು ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಆಡಿದ್ದೆ, ಅಷ್ಟೇ. ನನ್ನ ಸಹಿ ಇಲ್ಲದೆ ಒಂದು ವಿಮಾನವೂ ನೆಲ ಬಿಡುವುದಿಲ್ಲ ಎಂದಿದ್ದೆ. ದೀಪಾವಳಿಗೆ ಚಾಳಿನ ಮೇಲೆ ಕರ್ಚೀಕಾಯಿ ಉದುರಿಸಿ ಹೋಗಲು ಹೇಳುತ್ತೇನೆ ಎಂದಿದ್ದೆ. ಅದಕ್ಕೆ ಜನ ಹೀಗೆ ಮೈಮೇಲೆ ಬೀಳಬೇಕೇ? ಪ್ರತಿ ತಟ್ಟೆಯ ಜೊತೆಗೂ ಒಂದು ಅಹವಾಲು.

"ಗದಿಗೆಪ್ಪಣ್ಣಾ, ನಮ್ಮ ಸೀನಗ ವಿಮಾನ ಹಾರ್ಸೂ ನೌಕ್ರಿ ಹಚ್ಚು," ಎಂದಳು ಮೇಲಿನ ಮಜಲಿನ ನೀಲಾವತಿ, ಮಗನ ಸಲುವಾಗಿ.

"ನಿಮ್ಮ ಸೀನಗ ಗಚ್ಚಿ ಮ್ಯಾಲೆ ನಿಂತ್ರ ತಲಿ ತಿರಗತೈತಿ."

"ವಿಮಾನದಾಗ ಕುಂತ ಹೋಗೂದಲ್ಲ? ನಿಂದ್ರೂದ್ಯಾಕ?"

ಉಡಿ ತುಂಬಿಸಿಕೊಳ್ಳುವವಳು ಬೇಡ ಎನ್ನುವಂತಿಲ್ಲ. ಬಂದದ್ದನ್ನು ಎಸೆಯುವಂತಿಲ್ಲ, ಮಾರುವಂತಿಲ್ಲ, ಕಾಲಿಗೆ ತಾಗಿಸುವಂತಿಲ್ಲ. ಶರಣವ್ವ ಏಳುವಳು, ನಮಸ್ಕರಿಸುವಳು, ಮತ್ತೆ ಮಣೆಯ ಮೇಲೆ ಕೂರುವಳು. ಅವಳಿಗೂ ಒಳಗೊಳಗೆ ಗಾಬರಿ. ಕಣ್ಣು ಮಾತ್ರ ನನ್ನ ಕಡೆ ತಿರುಗಿ, ಗಾಡಿಗೆ ಇನ್ನೆಷ್ಟು ಹೊತ್ತು ಎಂದು ಕೇಳುತ್ತಿತ್ತು. ಕೊನೆಗೆ ಅಕ್ಕಿಯ ಗಂಟುಗಳು ಅವಳ ಪಾಲಿಗೆ, ಕಾಯಿಗಳೆಲ್ಲ ನನ್ನ ಪಾಲಿಗೆ ಬಂದವು. ಗೋಣಿಚೀಲವೊಂದಕ್ಕೆ ತುಂಬಿ, ಬಾಯನ್ನು ನಾನೇ ದಬ್ಬಣದಿಂದ ಹೊಲಿದೆ. ಆನೆ ಎಳೆದರೂ ಬಿಚ್ಚದ ಹೊಲಿಗೆ. ಚೀಲದ ತೂಕ, ಸುಳ್ಳು ಹೇಳುವುದಿಲ್ಲ, ಒಂದು ಸಣ್ಣ ವಿಮಾನದಷ್ಟಿತ್ತು.

ಕೈಗಾಡಿಯವನು ಸ್ಟೇಷನ್ನಿನ ತನಕ ಬೈಯುತ್ತಲೇ ಬಂದ. ಟ್ರಂಕು ಹಾಸಿಗೆಗಳನ್ನು ಹಮಾಲ ಹೊತ್ತ. ಚೀಲವನ್ನು ಮುಟ್ಟಿ ನೋಡಿ ಕೈ ಮುಗಿದ. ಅದನ್ನು ನಾನೇ ಹೆಗಲಿಗೇರಿಸಿದೆ. ದಾದರಿನ ಸೇತುವೆ ಹತ್ತಿ, ಇನ್ನೇನು ನಮ್ಮ ಪ್ಲಾಟ್‌ಫಾರ್ಮಿಗೆ ಇಳಿಯಬೇಕು, ಗಾಡಿ ಬಂದು ನಿಂತದ್ದು ಮೇಲಿನಿಂದಲೇ ಕಾಣುತ್ತಿತ್ತು. ಆಗ ಚೀಲ ಹರಿಯಿತು. ಹೊಲಿಗೆ ಬಿಡಲಿಲ್ಲ, ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ. ಹೊಲಿಗೆಯ ಪಕ್ಕದ ಗೋಣಿ ಬಿಟ್ಟಿತು.

ತೆಂಗಿನಕಾಯಿಗಳು ಮೆಟ್ಟಿಲಿಳಿದು ಓಡಿದವು. ಬೊರಿವಲಿ ಲೋಕಲಿನಿಂದ ಇಳಿದ ಜನವೆಲ್ಲ ಅದೇ ಸೇತುವೆಗೆ ನುಗ್ಗಿತು. ಒಬ್ಬರು ಜಿಗಿದರು, ಒಬ್ಬರು ಕೂತೇಬಿಟ್ಟರು, ಒಬ್ಬ ಮುದುಕಿ ಮರಾಠಿಯಲ್ಲಿ ನನ್ನ ಏಳು ತಲೆಮಾರನ್ನು ನೆನೆದಳು.

"ಬಿಡು, ಹಾಳಾಗಿ ಹೋಗ್ಲಿ, ನಡಿ," ಎಂದೆ ಶರಣವ್ವನಿಗೆ.

"ಉಡಿ ಕಾಯಿ ಮಂದಿ ಕಾಲಾಗ ಬಿಟ್ಟ ಹೋಗ್ತೀರೇನು? ಒಳ್ಳೇದಾಕ್ಕೈತೇನ್ರಿ ನಮಗ? ಹುಡುಗೂರ್ನ ನಾ ಹತ್ತಿಸ್ತೀನಿ. ನೀವ್ ಆರಿಸ್ಕೊಂಡ ಬರ್ರಿ, ಲಗೂನ."

ಅವಳು ಮಕ್ಕಳ ಕೈ ಹಿಡಿದು, ಹಮಾಲನ ಹಿಂದೆ ಇಳಿದುಹೋದಳು. ನಾನು ಸೇತುವೆಯ ಮೇಲೆ ಜನರ ಕಾಲ ಸಂದಿಯಲ್ಲಿ ಅಂಬೆಗಾಲಿಟ್ಟೆ. ಧೋತರ ಬಿಚ್ಚಿ ಹೋಗುವಷ್ಟು ಕಾಯಿ ಮಡಿಲಿಗೆ ತುಂಬಿಕೊಂಡೆ. ಕೊನೆಯದೊಂದು ಕರಿಟೋಪಿಯ ಸಜ್ಜನರೊಬ್ಬರ ಕೈಯಲ್ಲಿತ್ತು. ಕೊಡುತ್ತ, ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಕೇಳಿದವರಿಗೆ ಉತ್ತರ ಕೊಡದೆ ಓಡುವ ಸಂಸ್ಕಾರ ನಮ್ಮದಲ್ಲ. ವಾಯುದಳ ಎಂದೆ. ಅವರು ಹುಬ್ಬೇರಿಸಿದರು. ಹುಬ್ಬೇರಿಸಿದವರನ್ನು ಅರ್ಧಕ್ಕೆ ಬಿಡಲಾಗುತ್ತದೆಯೇ? ರೆಕ್ಕೆಯ ವಿಷಯ ಮುಗಿಸಿ ಬಾಲಕ್ಕೆ ಬಂದಿದ್ದೆ, ಅಷ್ಟರಲ್ಲಿ ಗಾಡಿ ಹೊರಟಿತು.

ಮೆಟ್ಟಿಲಿಳಿದು ಓಡಿದೆ. ಕಿಟಕಿಯೊಂದರಿಂದ ಬಸವಂತಪ್ಪ ಅರ್ಧ ಮೈ ಹೊರಹಾಕಿ, "ಗದಿಗೆಪ್ಪಣ್ಣಾ, ಕಾಯಿ ಬಿಟ್ಟ ಓಡೋ," ಎಂದು ಕೂಗಿದ. ಅವನ ಪಕ್ಕದ ಕಿಟಕಿಯಲ್ಲಿ ಶರಣವ್ವನ ಮುಖ. ನಾನು ಕಾಯಿ ಬಿಡಲಿಲ್ಲ. ಗಾಡಿ ನನ್ನನ್ನು ಬಿಟ್ಟಿತು.

ಮುಂದಿನ ಗಾಡಿ ಮರುದಿನ ಅದೇ ಹೊತ್ತಿಗೆ. ಚಾಳಿಗೆ ಮರಳಿದರೆ ಈರಣ್ಣ ಆಗಲೇ ಚಿಲಕ ಹಾಕಿಕೊಂಡು ಒಳಗೆ ಒಗ್ಗರಣೆ ಕೊಡುತ್ತಿದ್ದ. ಕಾಶವ್ವ ನಳದ ಸರದಿಯಲ್ಲಿ ನಿಂತಲ್ಲಿಂದಲೇ, "ಇಷ್ಟ ಲಗೂ ರಜಾ ಕೊಟ್ರೇನಪಾ?" ಎಂದಳು. ಕೆಳಗೆ ಹೋಟೆಲು ನಡೆಸುವ ಉಡುಪಿಯ ಮೋನಪ್ಪನ ಬೆಂಚೊಂದೇ ಗತಿಯಾಯಿತು. ಕಾಯಿ ತಿರುಗಿ ಕೊಡೋಣವೆಂದರೆ ಕೊಟ್ಟ ಉಡಿಯನ್ನು ತಿರುಗಿ ಮುಟ್ಟುವವರಾರು? ಹೊಸ ಚೀಲ ಬೇಡಿ ಮತ್ತೆ ತುಂಬಿಸಿದೆ.

ಆ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಷ್ಟೂ ಸಿಟ್ಟು ಏರಿತು. ಬಸವಂತಪ್ಪನ ಹತ್ತಿರ ಹೆಂಡತಿ, ಮಕ್ಕಳು, ಮತ್ತು ಮುಖ್ಯವಾಗಿ ಬಸವಂತಪ್ಪ, ಎಲ್ಲ ಇದ್ದರು. ಶರಣವ್ವನ ಹತ್ತಿರ ಅಕ್ಕಿ ಇತ್ತು. ಗಂಡನಿಲ್ಲದ ಸಂಸಾರಕ್ಕೆ ಯಾವ ಸಾಹೇಬ ಕೀಲಿ ಕೊಡುತ್ತಾನೆ? ನಾನು ತಲುಪುವ ಹೊತ್ತಿಗೆ ಶನಿವಾರ ಮುಗಿದಿರುತ್ತದೆ. ಅವಳು ವಿಜಾಪುರಕ್ಕೆ ಹೋಗಿ ಮತ್ತೆ ಊರ ಬಾವಿಯ ಸರದಿಯಲ್ಲಿ ನಿಲ್ಲಬೇಕು. ನಾನು ಬ್ಯಾರಕ್ಕಿನಲ್ಲಿ ಒಂಟಿಯಾಗಿ ತೆಂಗಿನಕಾಯಿ ತಿನ್ನಬೇಕು.

ಶನಿವಾರ ಮಧ್ಯಾಹ್ನ, ನಾನು ಹೊರಡಲು ಎದ್ದಾಗ, ಮೋನಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದ ಟೆಲಿಫೋನು ಬಡಿದುಕೊಂಡಿತು. ಗುರುತಿನವರಿಗೆಲ್ಲ ನಾನು ಅದೇ ನಂಬರನ್ನು ನನ್ನ ಆಫೀಸಿನದು ಎಂದು ಕೊಟ್ಟಿದ್ದೆ.

"ನಿಮಗೆ ಮಾರಾಯ್ರೆ, ಟ್ರಂಕ್ ಕಾಲ್. ಯಾರೋ ಬಸವಂತಪ್ಪ ಅಂತೆ," ಎಂದ ಮೋನಪ್ಪ.

ನಾನು ಹಲ್ಲು ಕಚ್ಚಿ ರಿಸೀವರ್ ಹಿಡಿದೆ. ಆದರೆ ಬಂದ ದನಿ ಶರಣವ್ವನದು.

"ಏನ್ರೀ, ಕಾಯಿ ಎಲ್ಲಾ ಸಿಕ್ಕುವೇನು?"

"ಕಾಯಿಗೆ ಬೆಂಕಿ ಹತ್ಲಿ. ಕ್ವಾರ್ಟರ್ಸ್ ಏನಾತು?"

"ಹಂಗ ಅನಬ್ಯಾಡ್ರಿ. ಸಿಕ್ಕೈತಿ. ಅರ್ಧ."

"ಅರ್ಧ ಅಂದ್ರ?"

"ಗಾಡ್ಯಾಗ ಬಸವಂತಪ್ಪಣ್ಣನ ಹೇಣ್ತಿ ಚಂದ್ರವ್ವ ಅಳಾಕತ್ತಿದ್ಲು. ಗೋರೆಗಾಂವದಾಗ ಆಜೂಬಾಜೂ ನಮ್ಮ ಕಡ್ಯಾರು ಒಬ್ರೂ ಇಲ್ಲಂತ. ಬರೇ ಉಡೀಲೆ ಮನಿ ಬಿಟ್ಟ ಬಂದಾಳ. ನನ್ನ ಉಡಿ ನೋಡಿ ಇನ್ನೂ ಅತ್ಲು. ಸೊಲ್ಲಾಪುರ ಬರೂದ್ರಾಗ ನಾನ ಆಕಿ ಉಡಿ ತುಂಬಿದೆ. ಕಾಶವ್ವಕ್ಕನ ಅಕ್ಕಿ."

"ಕ್ವಾರ್ಟರ್ಸ್ ಹೇಳು, ಕ್ವಾರ್ಟರ್ಸ್."

"ಹೇಳಾಕತ್ತೀನಲ್ಲ. ಇಲ್ಲಿ ಸಾಹೇಬ್ರು ಬಸವಂತಪ್ಪಣ್ಣನ ಕೈಯಾಗ ಕೀಲಿ ಕೊಟ್ರು. ಚಂದ್ರವ್ವ ಕಟ್ಟಿ ಮ್ಯಾಲೆ ಕುಂತ್ಲು. ಉಡಿ ತುಂಬಿದ ಅಕ್ಕನ್ನ ಹೊರಗ ನಿಂದ್ರಿಸಿ ನಾ ಒಳಗ ಕಾಲ ಇಡಂಗಿಲ್ಲ ಅಂದ್ಲು. ಗಂಡ ಹೇಳಿದ, ಸಾಹೇಬ್ರು ಹೇಳಿದ್ರು, ಏಳಲಿಲ್ಲ. ಕಡೀಕ ಸಾಹೇಬ್ರ, ಹೊಂದಕೊಂಡ ಇರೂದಾದ್ರ ಇಬ್ರೂ ಇರ್ರಿ ಅಂದ ಹೋದ್ರು. ಅವ್ರಿಗೊಂದ್ ಖೋಲಿ, ನಮಗೊಂದ್. ಅಡಗಿ ಮನಿ ಕೂಡಿ."

"ನಳ?"

"ನಳ ಒಂದ ಐತ್ರಿ. ಮುಂಜಾನಿ ಆಕಿ ಹಿಡೀತಾಳ, ಆಮ್ಯಾಲೆ ನಾನು. ನೀರ್ ಭಾಳ ಛಲೋ ಬರ್ತೈತಿ."

"ಅಂವ ಏನ್ ಮಾಡಾಕತ್ತಾನ, ನಿಮ್ಮ ಬಸವಂತಪ್ಪಣ್ಣ?"

"ನಡುವ ಹಲಗಿ ಗ್ವಾಡಿ ಕಟ್ಟಾಕತ್ತಾನ. ನೀವ್ ಲಗೂ ಬರ್ರಿ. ಬರೂದ್ರಾಗ ಗ್ವಾಡಿ ನಮ್ಮ ಕಡೆ ಸರಿದೀತು."

ದನಿ ಕಡಿಯಿತು. ಗೋರೆಗಾಂವಿನ ಆ ಬಡಿಗ ನನ್ನ ಮನೆಯೊಳಗೆ ಮೊಳೆ ಹೊಡೆಯುತ್ತಿದ್ದ. ನಾನು ದಾದರಿನಲ್ಲಿ ತೆಂಗಿನಕಾಯಿಯ ಚೀಲ ಕಾಯುತ್ತಿದ್ದೆ. ಮೋನಪ್ಪ, ಅವನ ಮಾಣಿಗಳು, ಚಹಾ ಕುಡಿಯಲು ಕೂತಿದ್ದ ಚಾಳಿನ ಅರ್ಧ ಜನ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಎಂತಾಯ್ತು, ಮನೆ ಸಿಕ್ಕಿತಾ?" ಎಂದ ಮೋನಪ್ಪ.

"ಸಿಕ್ಕದ ಏನು? ಅರಮನಿ ಕೊಟ್ಟಾರ," ಎಂದೆ. "ನಮ್ಮಾಕಿ ಒಬ್ಬಾಕಿಗೆ ಕಸಾ ಹೊಡದು ಮುಗಿಯಾಂಗಿಲ್ಲ ಅಂತ ಇನ್ನೊಂದು ಸಂಸಾರ ತಂದ ಇಟ್ಕೊಂಡೀನಿ."

ಮೋನಪ್ಪ ಸೌಟು ಕೆಳಗಿಟ್ಟ. ಒಳಗೆ ಪಾತ್ರೆ ತಿಕ್ಕುತ್ತಿದ್ದ ತನ್ನ ತಮ್ಮ ಅಣ್ಣುವನ್ನು ಕೂಗಿ ಕರೆದ.

"ಅಣ್ಣು, ಬಾ ಇಲ್ಲಿ. ನಿನ್ನ ಚಾಪೆ ಸುತ್ತಿಕೋ. ಗದಿಗೆಪ್ಪಣ್ಣನಲ್ಲಿ ಜಾಗ ಬೇಕಾದಷ್ಟು ಉಂಟಂತೆ."