ಔಡಲೆಣ್ಣೆ ಕುಡಿದ ಜಾಲಿ

ಸೈಕಲ್ಲಿನ ಹೊಟ್ಟೆಯೊಳಗಿನ ಬಟ್ಟಲು ಒಡೆದದ್ದು ಗುರುವಾರ ಮುಂಜಾನೆ, ಬನಹಟ್ಟಿಯ ದಾರಿಯಲ್ಲಿ. ಸೋಮವಾರ ಹೊತ್ತೇರುವ ಮೊದಲು ಲಗಮಣ್ಣ ಅದೇ ಸೈಕಲ್ ಹೊಡೆದುಕೊಂಡು ಚಿಮ್ಮಡದಿಂದ ಜಮಖಂಡಿಗೆ ಹೋಗಿ, ಕಚೇರಿಯ ಅಂಗಳದಲ್ಲಿ ಇಳಿಯಬೇಕಿತ್ತು. ದೇವಿ ಬೇನೆ, ಅಂದರೆ ಸಿಡುಬು, ಬಾರದಂತೆ ಊರೂರು ತಿರುಗಿ ಲಸಿಕೆ ಹಾಕುವವರ ಒಂದು ಜಾಗ ಖಾಲಿ ಇತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿರಬೇಕು, ಸ್ವಂತ ಸೈಕಲ್ ಇರಬೇಕು, ಅದನ್ನು ಸಾಹೇಬರ ಕಣ್ಣೆದುರು ಓಡಿಸಿ ತೋರಿಸಬೇಕು ಎಂದು ಕಾಗದ ಬಂದಿತ್ತು. ಮುಲ್ಕಿಯನ್ನು ಅವನು ಕುರಿ ಕಾಯುತ್ತಲೇ ಓದಿ ಮುಗಿಸಿದ್ದ. ಸೈಕಲ್ಲನ್ನು, ಅಪ್ಪನ ಜೊತೆ ಒಂದು ವಾರ ಜಗಳಾಡಿ, ಆರು ಕುರಿ ಕೊಟ್ಟು ತಂದಿದ್ದ. ಸಂಸ್ಥಾನದ ಕಾಲದಲ್ಲಿ ಯಾರೋ ಕಾರಕೂನರು ತರಿಸಿದ್ದ ವಿಲಾಯತಿ ಗಾಡಿ ಅದು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಕರಗಿ ಐದು ವರ್ಷವಾಗಿತ್ತು; ಗಾಡಿ ಮಾತ್ರ ಇನ್ನೂ ಗಟ್ಟಿ ಇದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಬನಹಟ್ಟಿಯ ಸೈಕಲ್ ಅಂಗಡಿಯ ಗುರಪ್ಪ ಪೆಡಲು ಬಿಚ್ಚಿ, ಒಡೆದ ಬಟ್ಟಲನ್ನು ಅಂಗೈ ಮೇಲೆ ಇಟ್ಟು ತೋರಿಸಿದ. ಎರಡು ಪೆಡಲುಗಳನ್ನು ಕೂಡಿಸುವ ಉಕ್ಕಿನ ಅಚ್ಚು ಒಂದು ಗಿಡ್ಡ ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯ ಎರಡೂ ಬಾಯಿಗೆ ಒಂದೊಂದು ಬಟ್ಟಲು, ಬಟ್ಟಲಿನಲ್ಲಿ ಬಟಾಣಿಗಿಂತ ತುಸು ಸಣ್ಣ ಗುಂಡುಗಳು. ಬಟ್ಟಲು ಒಡೆದರೆ ಗುಂಡು ಚೆಲ್ಲುತ್ತವೆ. ಗುಂಡು ಚೆಲ್ಲಿದರೆ ಸೈಕಲ್ಲು ಬರೀ ಕಬ್ಬಿಣದ ಕುದುರೆ.

“ಇದು ಮುಂಬೈಯಿಂದ ಬರಬೇಕೋ ತಮ್ಮಾ. ತಿಂಗಳಂದ್ರ ತಿಂಗಳು.”

“ನನಗ ಸೋಮವಾರ ಬೇಕ್ರಿ.”

“ಹಂಗಾರ ನಿಮ್ಮ ಕುರುಬರ ದೇವರು ಬೀರಪ್ಪನ್ನ ಕೇಳು. ಅವನ ಅಂಗಡ್ಯಾಗ ಇದ್ರೂ ಇರಬಹುದು.”

ಲಗಮಣ್ಣ ನಗಲಿಲ್ಲ. ಅಚ್ಚನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು, ಸೈಕಲ್ಲನ್ನು ತಳ್ಳುತ್ತ ಊರಿಗೆ ಬಂದ. ಬರುತ್ತ ದಾರಿಯಲ್ಲೇ ತೀರ್ಮಾನಿಸಿದ್ದ: ಸಿಗದಿದ್ದನ್ನು ಮಾಡಿಕೊಳ್ಳಬೇಕು. ಗುಂಡು ಬೇಡ, ಬಟ್ಟಲು ಬೇಡ. ಕೊಳವೆಯ ಎರಡೂ ಬಾಯಿಗೆ ಬಿಗಿಯಾಗಿ ಕೂರುವ ಎರಡು ಬಿಲ್ಲೆ, ನಡುವೆ ಅಚ್ಚು ಹಾಯುವಷ್ಟು ತೂತು. ಬಂಡಿಯ ಗಾಲಿ ತಿರುಗುವುದು ಇಷ್ಟರಿಂದಲೇ ಅಲ್ಲವೇ? ಆದರೆ ಬಿಲ್ಲೆ ಯಾತರದು?

ಕಬ್ಬಿಣ ಎಂದು ಕಮ್ಮಾರನ ಬಳಿ ಹೋದ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಒಂದನ್ನೊಂದು ತಿನ್ನುತ್ತವೆ, ಆಮೇಲೆ ಅಚ್ಚೂ ಉಳಿಯುವುದಿಲ್ಲ ಎಂದ ಕಮ್ಮಾರ. ಹಿತ್ತಾಳೆ ಒಳ್ಳೆಯದೇ, ಆದರೆ ಅದನ್ನು ಕೊರೆಯುವ ಚರಕಿ ಯಂತ್ರ ಇದ್ದದ್ದು ಜಮಖಂಡಿಯಲ್ಲಿ. ಆ ಕಡೆ ಹೋಗುವವರ ಕೈಯಲ್ಲಿ ಕೇಳಿಸಿದ್ದಕ್ಕೆ, ಯಂತ್ರದವನು ಎಂಟು ದಿನ ಬಿಟ್ಟು ಬಾ ಎಂದು ಹೇಳಿ ಕಳಿಸಿದ. ಶುಕ್ರವಾರ ಲಗಮಣ್ಣ ಮನೆಯ ಅಟ್ಟದಿಂದ ಟಗರಿನ ಕೊಂಬು ಇಳಿಸಿದ. ಕುರುಬರ ಮನೆಯಲ್ಲಿ ಕೊಂಬಿಗೇನು ಬರ! ಟೊಳ್ಳು ಬಿಟ್ಟು ಗಟ್ಟಿ ಭಾಗವನ್ನು ಕೊಯ್ದು, ಅರದಿಂದ ಉಜ್ಜಿ ಉಜ್ಜಿ ಎರಡು ಬಿಲ್ಲೆ ಮಾಡಿ ಕೂಡಿಸಿದ. ಕನ್ನಡಿಯಂತೆ ನುಣುಪು. ಮೊದಲ ಮೈಲು ಹಾಯಾಗಿ ಹೋಯಿತು. ಎರಡನೆಯ ಮೈಲಿಗೆ ಸುಟ್ಟ ಕೂದಲಿನ ವಾಸನೆ ಬಂತು, ಮೂರನೆಯದಕ್ಕೆ ಊರ ನಾಯಿಗಳು ಬೆನ್ನು ಹತ್ತಿದವು. ಇಳಿದು ಬಿಚ್ಚಿ ನೋಡಿದರೆ ಕೊಂಬು ಕಾದು, ಮೆತ್ತಗಾಗಿ, ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಶನಿವಾರ ಅವನು ಮೋನಪ್ಪ ಬಡಿಗೇರನ ಕಟ್ಟೆಗೆ ಹೋಗಿ ಕುಳಿತ. ಸುತ್ತಲಿನ ಊರಿನ ಬಂಡಿಗಳೆಲ್ಲ ಮೋನಪ್ಪನ ಕೈಯಲ್ಲಿ ಹುಟ್ಟಿದವು. ಎಲೆಯಡಿಕೆಯ ಬಾಯಿ, ಬಾಯಿಗಿಂತ ಕೆಂಪು ಕಣ್ಣು.

“ಕಾಕಾ, ಸೈಕಲ್ಲಿಗೆ ಕಟ್ಟಿಗಿ ಬಿಲ್ಲೆ ಹಾಕಬೇಕಂತೀನ್ರಿ.”

“ಹಾಕು. ಎತ್ತೂ ಕಟ್ಟು.”

“ಚ್ಯಾಷ್ಟಿ ಬ್ಯಾಡ್ರಿ. ಗಾಲಿ ನಡುವಿನ ಗುಂಬಕ್ಕ ನೀವು ಯಾವ ಕಟ್ಟಿಗಿ ಹಾಕ್ತೀರಿ?”

ಮೋನಪ್ಪ ಉಗುಳಿ ಬಂದು ಅಚ್ಚನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ. ಅದರ ನುಣುಪಿಗೆ ಅವನ ಮೋರೆ ಸ್ವಲ್ಪ ಮೆತ್ತಗಾಯಿತು. “ಜಾಲಿ. ಜಾಲಿ ಬಿಟ್ರ ಬ್ಯಾರೇದಿಲ್ಲ. ಅದೂ ಮೂರು ವರ್ಷ ಒಣಗಿದ್ದು, ಕೆಂಪು ತಿರುಳಷ್ಟ.” ಒಳಗಿನಿಂದ ಒಂದು ತುಂಡು ತಂದು ಉಳಿಯ ಹಿಂಬದಿಯಿಂದ ಬಡಿದ. ತುಂಡು ಗಂಟೆಯಂತೆ ನುಡಿಯಿತು. “ಕೇಳಿದಿ? ಹಸೀದು ಹಿಂಗ ಮಾತಾಡೂದಿಲ್ಲ.”

ಮೋನಪ್ಪ ತೂತು ಕೊರೆಯುವ ಬೈರಿಗೆ ಹಿಡಿದ, ಲಗಮಣ್ಣ ಅದನ್ನು ತಿರುಗಿಸುವ ಹಗ್ಗ ಎಳೆದ. ಎರಡು ಬೆರಳಗಲದ ಬಿಲ್ಲೆಗಳು ಕೊಳವೆಯ ಬಾಯಿಗೆ ಕಚ್ಚಿ ಕೂತವು. ಭಾನುವಾರ ಮುಂಜಾನೆ ಬನಹಟ್ಟಿಯ ತನಕ ಹೋಗಿ ಗುರಪ್ಪನ ಅಂಗಡಿಯ ಮುಂದೆ ಎರಡು ಸುತ್ತು ಹೊಡೆದು ಬಂದ. ಗುರಪ್ಪ ಎದ್ದು ನಿಂತು ನೋಡಿದ. ಬಿಲ್ಲೆ ಕಾಯಲಿಲ್ಲ, ಅಲುಗಾಡಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದ: “ಜಾಲಿ ಹಾಕೇನಿ ಯಪ್ಪಾ. ಬಂಡಿ ಇದ್ದಂಗ ಆತು.” ಹೇಳಿ, ಕ್ಷೌರಕ್ಕೆಂದು ಹೋದ. ತಪ್ಪು ನಡೆದದ್ದು ಆ ಮಾತಿನ ಬೆನ್ನಿಗೇ.

ಅವನ ಅಪ್ಪ ಅಪ್ಪಾಸಾಬ ಹೆಚ್ಚು ಮಾತಾಡುವವನಲ್ಲ. ಆರು ಕುರಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಮಗ ನಾಳೆ ದೂರದ ಹಾದಿಗೆ ಹೊರಟಿದ್ದಾನೆ. ಬೇಸಿಗೆಯಲ್ಲಿ ದೂರದ ಹಾದಿಗೆ ಹೊರಡುವ ಬಂಡಿಯ ಗಾಲಿಯನ್ನು ಹಿಂದಿನ ದಿನ ನೀರಿನಲ್ಲಿ ನೆನೆಹಾಕಬೇಕು. ಒಣಗಿ ಸಡಿಲಾದ ಕಟ್ಟಿಗೆ ನೀರು ಕುಡಿದು ಉಬ್ಬಿ, ಮೇಲಿನ ಕಬ್ಬಿಣದ ಹಳಿಯನ್ನು ಗಟ್ಟಿ ಹಿಡಿಯುತ್ತದೆ. ಅಪ್ಪಾಸಾಬ ಜೀವಮಾನವಿಡೀ ಹಾಗೇ ಮಾಡಿದ್ದ. ಇಂದೂ ಯಾರಿಗೂ ಹೇಳದೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಾವಿಯ ಬಳಿ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿಯಲ್ಲಿ ಮಲಗಿಸಿ, ಮೇಲೆ ಎರಡು ಕೊಡ ನೀರು ಹೆಚ್ಚಿಗೆ ಸುರಿದು, ಬೇವಿನ ನೆರಳಲ್ಲಿ ಕಾವಲು ಕುಳಿತ.

ಇಳಿಹೊತ್ತಿಗೆ ಲಗಮಣ್ಣ ಬಂದಾಗ ಪೆಡಲು ಕಲ್ಲಾಗಿತ್ತು. ಕೈಯಿಂದ ಒತ್ತಿದ, ಕಾಲಿನಿಂದ ತುಳಿದ, ಮೇಲೇರಿ ನಿಂತ. ಅಚ್ಚು ಮಿಸುಕಲಿಲ್ಲ. ಜಾಲಿ ಉಬ್ಬಿ ಅದನ್ನು ಮೊಸಳೆ ಕಚ್ಚಿದಂತೆ ಕಚ್ಚಿ ಹಿಡಿದಿತ್ತು.

“ಯಪ್ಪಾ, ಏನ ಮಾಡಿದಿ!”

“ಗಾಲಿ ನೆನಿ ಇಟ್ಟೆ. ಒಣ ಗಾಲಿ ಕಟ್ಕೊಂಡು ಯಾರರ ದೂರ ಹೋಗ್ಯಾರೇನ?”

“ಅದು ಬಂಡಿ ಅಲ್ಲೋ ಮಾರಾಯಾ!”

“ಬಂಡಿ ಇದ್ದಂಗ ಆತು ಅಂದಾಂವ ನೀನ ಅಲ್ಲೇನಲೇ?”

ಲಗಮಣ್ಣ ಅಪ್ಪನ ಕಡೆ ತಿರುಗಿದ. ಅಪ್ಪನ ತೊಡೆತನಕ ಒದ್ದೆಯಾದ ಧೋತರ ಕಂಡಿತು, ಹೆಗಲ ಮೇಲೆ ಸೈಕಲ್ಲಿನ ಕರೀ ಎಣ್ಣೆಯ ಗೆರೆ ಕಂಡಿತು. ಸಿಟ್ಟನ್ನು ನುಂಗಿ ಸೈಕಲ್ಲನ್ನು ಹೊತ್ತು ಮೋನಪ್ಪನ ಕಟ್ಟೆಗೆ ನಡೆದ. ಅಪ್ಪಾಸಾಬನೂ ಹಿಂದಿನಿಂದ ಬಂದ.

ಬಿಲ್ಲೆಗಳನ್ನು ಉಳಿಯಿಂದ ಒಡೆದೇ ತೆಗೆಯಬೇಕಾಯಿತು. ಮೋನಪ್ಪ ನಕ್ಕು ನಕ್ಕು ಕೆಮ್ಮಿದ. “ಅಪ್ಪಾಸಾಬಾ, ಮಗನ ನೌಕರಿ ನೀರಾಗ ಹಾಕಿದ್ಯಲ್ಲೋ! ಇರಲಿ. ಇನ್ನೆರಡು ಅಂಥವ ಕೊರದ ಕೊಡತೇನಿ, ಒಂದ ತಾಸಿನ ಕೆಲಸ.”

“ಅಂಥವ ಬ್ಯಾಡ್ರಿ ಕಾಕಾ,” ಎಂದ ಲಗಮಣ್ಣ.

“ಯಾಕ?”

“ಇವತ್ತ ಅಪ್ಪ ಹಾಕ್ಯಾನ. ಮುಂದಿನ ತಿಂಗಳ ಮಿರಗದ ಮಳಿ ಹಾಕತೈತಿ. ನಾ ತಿರಗೂ ಊರಿಗೆಲ್ಲ ಹಳ್ಳ ದಾಟಿ ಹೋಗಬೇಕು. ಲಸಿಕೆ ಡಬ್ಬಿ ತಲಿ ಮ್ಯಾಲ ಹೊತ್ತು, ಸೈಕಲ್ ಹೆಗಲ ಮ್ಯಾಲ ಹೊತ್ತು ಹೋದ್ರ ಸೈಕಲ್ ಯಾಕ ಬೇಕ್ರಿ? ನೀರು ಕುಡಿಯೂಕಿಂತ ಮೊದಲ ಅದಕ್ಕ ಬ್ಯಾರೆ ಏನರ ಕುಡಿಸಬೇಕು. ಹೊಟ್ಟಿ ತುಂಬಿದ್ರ ನೀರ ಮುಟ್ಟೂದಿಲ್ಲ.”

ಮೋನಪ್ಪನ ನಗು ನಿಂತಿತು. “ಎಣ್ಣಿ,” ಎಂದ.

ಜಾಲಿಯ ಎರಡು ಹೊಸ ತುಂಡು ತೆಗೆದುಕೊಂಡು ಮೂವರೂ ಮನೆಗೆ ಬಂದರು. ಅವ್ವ ಭಾಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪಾಸಾಬ ಪಾಪ ತೊಳೆದುಕೊಳ್ಳುವವನಂತೆ ಅಡಿಗೆಮನೆಗೆ ನುಗ್ಗಿ ಕುಸುಬಿ ಎಣ್ಣೆಯ ಗಡಿಗೆಯನ್ನೇ ಎತ್ತಿಕೊಂಡು ಬಂದ.

“ಇಡ್ರಿ ಅದನ್ನ,” ಎಂದಳು ಭಾಗವ್ವ. “ಅಪ್ಪ ಮಗ ಇಬ್ರಿಗೂ ಅಡಿಗಿ ಗೊತ್ತಿಲ್ಲ, ಎಣ್ಣಿ ಕುದಸ್ತಾರಂತ! ಕುಸುಬಿ ಎಣ್ಣಿ ಕಾದು ಆರಿದ್ರ ಅಂಟ ಆಗತೈತಿ. ನಮ್ಮ ಬಾಣಲಿ ಬಾಯಿ ನೋಡ್ರಿ, ಮೂರು ವರ್ಷಾತು, ತಿಕ್ಕಿದ್ರ ಹೋಗವಲ್ದು. ಲಗಮಣ್ಣಾ, ನಿನ್ನ ಅಚ್ಚು ಅದಕ್ಕ ಅಂಟಿಕೊಂಡ ಕುಂದರತೈತಿ. ಔಡಲೆಣ್ಣಿ ಹಾಕು. ಅದು ಎಷ್ಟು ದಿನ ಆದ್ರೂ ಜಾರತೈತಿ.”

ಔಡಲೆಣ್ಣೆ ಕಬ್ಬಿಣದ ಬಾಣಲಿಗೆ ಬಿತ್ತು. ಬೆಂಕಿ ಸಣ್ಣದಾಗಿರಲಿ, ಜೋರಾದರೆ ಕಟ್ಟಿಗೆ ಸೀಳುತ್ತದೆ ಎಂದ ಮೋನಪ್ಪ. ತುಂಡುಗಳು ಮುಳುಗಿದೊಡನೆ ಎಣ್ಣೆಯ ಮೈತುಂಬ ಗುಳ್ಳೆ ಎದ್ದವು. ಒಣಗಿ ಗಂಟೆಯಂತೆ ನುಡಿಯುತ್ತಿದ್ದ ಜಾಲಿಯಲ್ಲಿ ಇಷ್ಟು ನೀರು ಎಲ್ಲಿತ್ತೋ! ಲಗಮಣ್ಣ ಅರ್ಧ ತಾಸಿಗೇ ಇಕ್ಕಳ ಹಿಡಿದ.

“ಕೈ ತಗಿ,” ಎಂದಳು ಅವ್ವ. “ಭಜಿ ಬೆಂದಾವೋ ಇಲ್ಲೋ ಹೆಂಗ ನೋಡತಾರ? ಗುಳ್ಳಿ ಏಳೂತನಕ ಒಳಗ ನೀರೈತಿ ಅಂತ ಅರ್ಥ. ಗುಳ್ಳಿ ನಿಂತಿಂದ ತಗಿ. ಅಲ್ಲೀತನಕ ನಿನ್ನ ಸಾಹೇಬ ಬಂದು ಕರೆದ್ರೂ ಏಳಬ್ಯಾಡ.”

ಒಂದೂವರೆ ತಾಸು ಹಿಡಿಯಿತು. ಕೊನೆಯ ಗುಳ್ಳೆ ಒಡೆದ ಮೇಲೆ ಬೆಂಕಿ ಎಳೆದು, ತುಂಡುಗಳನ್ನು ಎಣ್ಣೆಯಲ್ಲೇ ಆರಲು ಬಿಟ್ಟರು. ಆರುವಾಗಲೇ ಅವು ಎಣ್ಣೆ ಎಳೆದುಕೊಳ್ಳುವುದು. ಹೊರಗೆ ತೆಗೆದಾಗ ಕಪ್ಪಾಗಿದ್ದವು, ಕೈಗೆ ಭಾರ ಹೆಚ್ಚಾಗಿತ್ತು, ಒಂದು ನೂಲಿನಷ್ಟು ಕುಗ್ಗಿದ್ದವು. ಮೊದಲೇ ಕೊರೆದಿದ್ದರೆ ತೂತು ತಪ್ಪುತ್ತಿತ್ತು. ಕುದಿಸಿದ ಮೇಲೆಯೇ ಕೊರೆಯಬೇಕು ಎಂಬುದು ಆಗ ಲಗಮಣ್ಣ, ಮೋನಪ್ಪ ಇಬ್ಬರಿಗೂ ತಿಳಿಯಿತು. ಮೋನಪ್ಪ ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬಂತೆ ತಲೆಯಾಡಿಸಿದ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ, ಕೊರೆದ ಬಿಲ್ಲೆಗಳು ಕೂತವು. ಲಗಮಣ್ಣ ಒಂದು ಕೊಡ ನೀರು ತಂದು ತಾನೇ ಅಚ್ಚಿನ ಮೇಲೆ ಸುರಿದ. ಅಪ್ಪಾಸಾಬ ಕಣ್ಣು ಮುಚ್ಚಿಕೊಂಡ. ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಯಿತು.

ಸೋಮವಾರ ಜಮಖಂಡಿಯ ಅಂಗಳದಲ್ಲಿ ಐವರು ಇದ್ದರು. ಅವರಲ್ಲಿ ಇಬ್ಬರ ಸೈಕಲ್ಲುಗಳಿಗೆ ಅಂಗಡಿಯ ಕಾಗದ ಇನ್ನೂ ಸುತ್ತಿತ್ತು. ಸಾಹೇಬರು ಒಂದೊಂದೇ ಪೆಡಲನ್ನು ಕೈಯಿಂದ ತಿರುಗಿಸಿ ಬಿಡುತ್ತ ಬಂದರು. ಬೇರೆಯವರ ಪೆಡಲು ಗಿರಗಿರನೆ ಹಲವು ಸುತ್ತು ಸುತ್ತಿದವು. ಲಗಮಣ್ಣನದು ಒಂದು ಸುತ್ತಿಗೆ ನಿಂತಿತು.

“ಏನೋ ಇದು? ಸತ್ತ ಗಾಡಿ ತಂದೀಯಲ್ಲ.”

“ಬಿಟ್ರ ನಿಲ್ಲತೈತ್ರಿ ಸಾಹೇಬ್ರ. ತುಳದ್ರ ನಿಲ್ಲೂದಿಲ್ಲ. ಒಳಗ ಕಟ್ಟಿಗಿ ಐತ್ರಿ.”

ಸಿಪಾಯಿ ನಕ್ಕ. ಸಾಹೇಬರು ನಗಲಿಲ್ಲ, ನಂಬಲೂ ಇಲ್ಲ. ಒಳಗೆ ಹೋಗಿ ಒಂದು ಲಕೋಟೆ ತಂದರು. “ಮುಧೋಳಕ್ಕ ಹೋಗಿ ಇದನ್ನ ಕೊಟ್ಟು, ರುಜು ಮಾಡಿಸಿಕೊಂಡು ಮಧ್ಯಾಹ್ನ ಮೂರು ಗಂಟೆ ಒಳಗ ಬಾ. ಬಂದ್ರ ಮುಂದಿನ ಮಾತು.”

ಉರಿಬಿಸಿಲು, ಮಡ್ಡಿಯ ಏರು, ಮೊಣಕಾಲತನಕ ಏಳುವ ಧೂಳು. ಏರಿನಲ್ಲಿ ಲಗಮಣ್ಣ ಇಳಿಯಲಿಲ್ಲ. ಇಳಿದರೆ ಬಿಲ್ಲೆಯ ಮೇಲೆ ತನಗೇ ನಂಬಿಕೆ ಇಲ್ಲವೆಂದಾಗುತ್ತಿತ್ತು. ಎರಡೂವರೆಗೆ ಅವನು ಮತ್ತೆ ಅಂಗಳದಲ್ಲಿದ್ದ. ಸಾಹೇಬರು ರುಜು ನೋಡಿದರು, ಬಗ್ಗಿ ಕೊಳವೆಯನ್ನು ಮುಟ್ಟಿದರು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

“ಎಷ್ಟು ದಿನ ಬಾಳತೈತಿ ಇದು?”

“ಗೊತ್ತಿಲ್ರಿ. ಸವದ ದಿನ ಮತ್ತೊಂದು ಮಾಡ್ತೀನ್ರಿ.”

ಸಾಹೇಬರು ಬೀಳಗಿಯ ಕಡೆಯ ಹಳ್ಳಿಗಳ ಯಾದಿಯನ್ನು ಅವನ ಕೈಗಿಟ್ಟರು. ಬುಧವಾರದಿಂದ ಕೆಲಸ.

ಲಗಮಣ್ಣ ಚಿಮ್ಮಡಕ್ಕೆ ಬಂದವನು ಮನೆಗೆ ಹೋಗದೆ ನೇರ ಮೋನಪ್ಪನ ಕಟ್ಟೆಯ ಮುಂದೆ ಇಳಿದ.

“ಮುರದ ತಂದ್ಯೇನೋ?” ಎಂದ ಮೋನಪ್ಪ.

“ಇಲ್ರಿ ಕಾಕಾ. ನಾಳೆ ಒಂದ ದಿನ ಐತಿ. ಇನ್ನೆರಡು ಜೋಡಿ ಮಾಡೂಣು. ಈ ಸಲ ಬೈರಿಗಿ ನನ್ನ ಕೈಯಾಗ ಕೊಡ್ರಿ, ಹಗ್ಗ ನೀವು ಎಳೀರಿ.”