ಬ್ರಾಂಟನ ಕೆಂಪು ಶೆವೆಲ್

ಕೊಳ್ಳಬೇಕೆಂದಿದ್ದ ಹಳೆಯ ಕಾರು ಪರೀಕ್ಷಿಸಲು ಭಾವ ಡ್ವೇನ್ ನನ್ನನ್ನು ಕರೆದೊಯ್ದದ್ದು ನಂಬಿಕೆಯಿಂದಲ್ಲ, ಅಕ್ಕ ಗದರಿದ್ದರಿಂದ. ಟೊಲೀಡೋದಲ್ಲಿ ಇಪ್ಪತ್ತಾರು ವರ್ಷದಿಂದ ನಜ್ಜುಗುಜ್ಜಾದ ಕಾರುಗಳಿಗೆ ತಗಡು ಬೆಸೆಯುವುದು ನನ್ನ ಕಸುಬು. ಡ್ವೇನ್ ವಿಮೆ ಮಾರುತ್ತಾನೆ. ಕಾರಿನಲ್ಲಿ ಅವನಿಗೆ ಗೊತ್ತಿರುವುದು ಎರಡೇ, ಬಣ್ಣ ಮತ್ತು ಸದ್ದು.

ಮಾರುವವನ ಹೆಸರು ಕ್ಲೇಟನ್ ಬ್ರಾಂಟ್. 1970ರ ಮಾದರಿಯ ಶೆವೆಲ್ ಕಾರು ಅವನ ಅಂಗಳದಲ್ಲಿ ಕೆಂಪಗೆ ಮಿಂಚುತ್ತಿತ್ತು. ಬ್ರಾಂಟ್ ಡ್ವೇನನ ಕೈ ಕುಲುಕಿದ. ನನಗೆ ನೆರಳಿನಲ್ಲಿದ್ದ ಕುರ್ಚಿ ತೋರಿಸಿ, ಹೆಂಡತಿ ಲೆಮನೇಡ್ ತರುತ್ತಾಳೆ ಎಂದ. ಆಮೇಲೆ ಎಂಜಿನ್ ಚಾಲೂ ಮಾಡಿದ. ಆ ಗುಡುಗಿಗೆ ಡ್ವೇನನ ಕಣ್ಣು ಒದ್ದೆಯಾದವು. ಮದುವೆಯ ದಿನವೂ ಹಾಗೆ ಆಗಿದ್ದನ್ನು ನಾನು ಕಂಡಿಲ್ಲ.

ಎಂಜಿನ್ ನಿಲ್ಲಿಸಲು ಹೇಳಿ, ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂದಿನ ಚಕ್ರದ ಮೇಲಿನ ತಗಡಿಗೆ ಹಿಡಿದೆ. ಅಂಟದೆ ಅಂಗೈಗೆ ಬಿತ್ತು. ಬಾಗಿಲಿನಿಂದ ಬಾಲದವರೆಗೆ ಒಂದು ಗೇಣಗಲವೂ ಕಬ್ಬಿಣವಿಲ್ಲ, ಬರೀ ಪುಟ್ಟಿ, ತೂತು ಮುಚ್ಚಲು ಮೆತ್ತುವ ಲೇಪ. ಡಿಕ್ಕಿಯ ಹಾಸು ಎತ್ತಿದರೆ ಹಳದಿ ತಗಡಿನ ಮೇಲೆ ಕಪ್ಪು ಬಾಣ. ಎಲ್ಲಿಂದಲೋ ಕಿತ್ತು ತಂದ ರಸ್ತೆ ತಿರುವಿನ ಫಲಕವನ್ನು ತುಕ್ಕು ತಿಂದ ಡಿಕ್ಕಿಯ ತಳಕ್ಕೆ ಸ್ಕ್ರೂ ಹೊಡೆದು ಕೂರಿಸಿದ್ದ ಮಹಾಶಯ. ಕೇಳಿದ್ದಕ್ಕೆ, ಒಳ್ಳೆಯ ಗಟ್ಟಿ ತಗಡು ಎಂದ.

ಕಾರಿನ ಕೆಳಗೆ ಮಲಗಿ, ಇಡೀ ಭಾರ ಹೊರುವ ಉಕ್ಕಿನ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗಿಳಿಯಿತು. ಪ್ರತಿ ಚಳಿಗಾಲ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಒಳಗಿನಿಂದಲೇ ತಿಂದು ಮುಗಿಸಿತ್ತು.

ಬ್ರಾಂಟ್ ನನ್ನತ್ತ ನೋಡದೆ ಡ್ವೇನನಿಗೆ ಹೇಳಿದ: "ನಿಮ್ ನಾದಿನಿಗೆ ತುಕ್ಕು ಬಿಟ್ರೆ ಬೇರೇನೂ ಕಾಣಲ್ಲ ಅನ್ಸತ್ತೆ. ಇಂಥ ಗಾಡಿ ಗಂಡಸ್ರಿಗೇ ಅರ್ಥ ಆಗೋದು ಬಿಡಿ."

ಡ್ವೇನ್ ನಕ್ಕ. ಬ್ರಾಂಟನ ಮಾತಿಗಿಂತ ಆ ನಗು ನನ್ನನ್ನು ಉರಿಸಿತು.

"ಭಾವ, ಇದು ಕಾರಲ್ಲ, ಬಣ್ಣ ಬಳಿದ ಪುಟ್ಟಿ," ಎಂದೆ. "ಎಂಜಿನ್ ಒಂದನ್ನೇ ಕೊಡ್ತಾರಾ ಕೇಳಿ. ಇಲ್ಲಾಂದ್ರೆ ಮನೆಗೆ ಹೋಗೋಣ."

ಇಪ್ಪತ್ತು ನಿಮಿಷದಲ್ಲಿ ಡ್ವೇನ್ ಇಡೀ ಕಾರು ಕೊಂಡ. ಬ್ರಾಂಟ್ ಹೇಳಿದ ಆ ಗಂಡಸರ ಸಾಲಿಗೆ ಸೇರುವ ಆಸೆ ಅವನಿಗೆ.

ದುರಸ್ತಿಗೆ ನನ್ನ ಬಳಿ ತರದೆ ಬೇರೆ ಗ್ಯಾರೇಜಿಗೆ ಒಯ್ದ. ಅಲ್ಲಿ ಕಾರನ್ನು ಮೇಲೆತ್ತುತ್ತಿದ್ದಂತೆ ಹಿಂಭಾಗ ಕುಸಿದು ಬಾಗಿಲುಗಳು ಸಿಕ್ಕಿಕೊಂಡವು. ಇದನ್ನು ಮುಟ್ಟುವುದಿಲ್ಲ ಎಂದು ಅವರು ವಾಪಸು ಕಳಿಸಿದರು. ಬ್ರಾಂಟ್ ಫೋನ್ ಎತ್ತಲಿಲ್ಲ. ಭಾನುವಾರ ಡ್ವೇನ್ ನನಗೆ ಫೋನ್ ಮಾಡಿದ.

"ರೊವೀನಾ, ನೀನು ಹೇಳಿದ್ದೇ ಸರಿ ಇತ್ತು ಅಂತ ನಾನೇನು ಹೇಳ್ತಿಲ್ಲ..."

"ಹಾಗಾದ್ರೆ ಇಡಿ ಫೋನು."

ಅವನು ಇಡಲಿಲ್ಲ. "ಸರಿ ಇತ್ತು," ಎಂದ.

ಗುಜರಿಯಲ್ಲಿ ಬೇರೆ ಚೌಕಟ್ಟು ಹುಡುಕಿ ಬೆಸೆದುಕೊಡಲು ಒಪ್ಪಿದೆ. ಆದರೆ ಪುಟ್ಟಿ ಕೆರೆಯುವುದು ಅವನ ಪಾಲು. ನವೆಂಬರಿನಿಂದ ಶನಿವಾರ ಶನಿವಾರ ನನ್ನ ಶೆಡ್ಡಿಗೆ ಬಂದು, ಮೂಗಿಗೆ ಮುಸುಕು ಕಟ್ಟಿಕೊಂಡು ಉಜ್ಜುತ್ತಾನೆ. ಹಸ್ತದಲ್ಲಿ ಗುಳ್ಳೆ, ಕೂದಲ ತುಂಬ ಪುಟ್ಟಿಯ ಗುಲಾಬಿ ಬಣ್ಣದ ಪುಡಿ. ತನ್ನ ಮೇಲೆ ಇನ್ನೂ ಕೋಪವೇ ಎಂದು ಒಮ್ಮೆ ಕೇಳಿದ. ನಾನು ಹೊಸ ಉಜ್ಜುಕಾಗದ ಕೈಗಿಟ್ಟು, ಬಾಗಿಲ ಅಂಚಿನಲ್ಲಿ ಅವನು ಬಿಟ್ಟಿದ್ದ ಜಾಗ ತೋರಿಸಿದೆ.